ಟ್ಯಾಬ್‌ನಲ್ಲಿ ಸ್ಕ್ರೀನ್‌ಶಾಟ್: ತೆಗೆಯುವುದರಿಂದ ಹಿಡಿದು ಬೇಕಾದಾಗ ಕೈಗೆ ಸಿಗುವಂತೆ ಇಡುವವರೆಗೆ

ಪಕ್ಕದ ಮನೆಯ ಹುಡುಗಿ ಕಾಲೇಜಿನ ಶುಲ್ಕ ಕಟ್ಟಿದ್ದು ನನ್ನ ಟ್ಯಾಬ್‌ನಲ್ಲಿ. ಹಣ ಹೋದದ್ದೇ ತಡ, ರಸೀದಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಹದಿನೈದು ದಿನ ಕಳೆದ ಮೇಲೆ ರಸೀದಿ ಸಂಖ್ಯೆ ಬೇಕು ಎಂದು ಅವಳು ಬಂದಳು. ಸ್ಕ್ರೀನ್‌ಶಾಟ್ ಫೋಲ್ಡರ್ ತೆರೆದರೆ 1,800ಕ್ಕೂ ಹೆಚ್ಚು ಚಿತ್ರಗಳು. ಅಡುಗೆ ವಿಧಾನ, ಬಸ್ಸಿನ ಸಮಯ, ತರಗತಿಗೆಂದು ತೆಗೆದ ಪಾಠದ ಪುಟಗಳು, ಯಾರೋ ಕಳಿಸಿದ ಮದುವೆ ಕರೆಯೋಲೆ, ಎಲ್ಲವೂ ಒಂದೇ ರಾಶಿಯಲ್ಲಿ. ಸುಮಾರು ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಸಿಕ್ಕರೇನು, ಸಂಖ್ಯೆಯ ಕೊನೆಯ ಮೂರು ಅಂಕಿಗಳ ಮೇಲೆ ಒಂದು ವಾಟ್ಸಾಪ್ ನೋಟಿಫಿಕೇಶನ್ ಕೂತಿತ್ತು. ಆ ಮಗುವಿನ ಮುಖ ಬಾಡಿದ್ದು ನನಗಿನ್ನೂ ನೆನಪಿದೆ.

ಆಮೇಲೆ ನಾನು ಸ್ಕ್ರೀನ್‌ಶಾಟ್ ತೆಗೆಯುವ ರೀತಿಯೇ ಬದಲಾಯಿತು. ಎರಡು ಬಟನ್ ಒತ್ತುವುದು ಎಲ್ಲರಿಗೂ ಬರುತ್ತದೆ. ಆದರೆ ಒತ್ತುವ ಮೊದಲು ಪರದೆಯತ್ತ ಒಮ್ಮೆ ಕಣ್ಣು ಹಾಯಿಸುವುದು, ಒತ್ತಿದ ಮೇಲಿನ ಹತ್ತು ಸೆಕೆಂಡಿನಲ್ಲಿ ಆ ಚಿತ್ರಕ್ಕೊಂದು ಗತಿ ಕಾಣಿಸುವುದು, ಈ ಎರಡು ಅಭ್ಯಾಸಗಳನ್ನು ಯಾರೂ ಹೇಳಿಕೊಡುವುದಿಲ್ಲ. ಈ ಬರಹದ ಬಹುಪಾಲು ಅವುಗಳ ಬಗ್ಗೆಯೇ. ನಾನು ದಿನವೂ ಬಳಸುವುದು ಸ್ಯಾಮ್‌ಸಂಗ್ ಟ್ಯಾಬ್, ಮನೆಯಲ್ಲಿ ಒಂದು ಐಪ್ಯಾಡ್ ಕೂಡ ಇದೆ. ಹಾಗಾಗಿ ಎರಡರ ಬಗೆಗೂ ಹೇಳುತ್ತೇನೆ.

ಬಟನ್ ಒತ್ತುವ ಮೊದಲು

ಟ್ಯಾಬ್‌ನ ಪರದೆ ಫೋನಿನದಕ್ಕಿಂತ ದೊಡ್ಡದು. ಹಾಗಾಗಿ ನಮಗೆ ಬೇಡದ್ದೂ ಚಿತ್ರದೊಳಗೆ ಹೆಚ್ಚು ಬರುತ್ತದೆ. ಫೋನಿನಲ್ಲಿ ಕ್ರೋಮ್ ತೆರೆದರೆ ಒಂದೇ ಪುಟ ಕಾಣುತ್ತದೆ. ಟ್ಯಾಬ್‌ನಲ್ಲಿ ಹಾಗಲ್ಲ, ಕಂಪ್ಯೂಟರಿನಂತೆ ತೆರೆದಿಟ್ಟ ಪುಟಗಳ ಹೆಸರೆಲ್ಲ ಮೇಲಿನ ಸಾಲಿನಲ್ಲಿ ಕಾಣುತ್ತವೆ. ನೀವು ಬೆಳಗ್ಗೆ ಯಾವ ಕಾಯಿಲೆಯ ಬಗ್ಗೆ ಹುಡುಕಿದಿರಿ, ಯಾವ ಬ್ಯಾಂಕಿನ ಸಾಲದ ಪುಟ ನೋಡಿದಿರಿ ಎನ್ನುವುದು ಪಾಠದ ಚಿತ್ರದ ಜೊತೆಗೇ ತರಗತಿಯ ಗುಂಪಿಗೆ ಹೋಗಿಬಿಡುತ್ತದೆ. 2022ರ ಆಂಡ್ರಾಯ್ಡ್ 12ಎಲ್ ನಂತರದ ಟ್ಯಾಬ್‌ಗಳಲ್ಲಿ ಕೆಳಗೊಂದು ಟಾಸ್ಕ್‌ಬಾರ್ ಕೂಡ ಇರುತ್ತದೆ. ಅದರಲ್ಲಿ ನೀವು ಬಳಸುವ ಆ್ಯಪ್‌ಗಳ ಚಿಹ್ನೆಗಳೆಲ್ಲ ಸಾಲಾಗಿ ಕೂತಿರುತ್ತವೆ.

ಅದಕ್ಕೇ ಮುಖ್ಯವಾದ ಚಿತ್ರ ತೆಗೆಯುವಾಗ ನಾನು ಇಷ್ಟು ಮಾಡುತ್ತೇನೆ:

1. ಪರದೆಯ ಮೇಲಿನಿಂದ ಬೆರಳು ಎಳೆದು ಡು ನಾಟ್ ಡಿಸ್ಟರ್ಬ್ ಆನ್ ಮಾಡುತ್ತೇನೆ. ರಸೀದಿಯ ಅಂಕಿ ಕಳೆದುಕೊಂಡ ಮೇಲೆ ಇದನ್ನು ಒಮ್ಮೆಯೂ ಬಿಟ್ಟಿಲ್ಲ.
2. ಕೀಬೋರ್ಡ್ ತೆರೆದಿದ್ದರೆ ಮುಚ್ಚುತ್ತೇನೆ. ಅದು ಅರ್ಧ ಪರದೆ ತಿನ್ನುತ್ತದೆ, ಜೊತೆಗೆ ನಾವು ಪದೇಪದೇ ಟೈಪ್ ಮಾಡುವ ಪದಗಳನ್ನು ಸಲಹೆಯ ಸಾಲಿನಲ್ಲಿ ತೋರಿಸುತ್ತದೆ.
3. ಅಕ್ಷರ ಸಣ್ಣದಾಗಿದ್ದರೆ ಎರಡು ಬೆರಳಿನಿಂದ ಪುಟವನ್ನು ಹಿಗ್ಗಿಸುತ್ತೇನೆ.
4. ಪ್ರಿಂಟ್ ತೆಗೆಯುವ ಪುಟವಾದರೆ ಡಾರ್ಕ್ ಮೋಡ್ ಆಫ್ ಮಾಡುತ್ತೇನೆ. ಕಪ್ಪು ಹಿನ್ನೆಲೆ ಪ್ರಿಂಟರಿನ ಶಾಯಿಯನ್ನೆಲ್ಲ ಕುಡಿದುಬಿಡುತ್ತದೆ.

ಮೂರನೆಯದರ ಬಗ್ಗೆ ಎರಡು ಮಾತು. ಪರದೆಯಲ್ಲಿ ಎಷ್ಟು ಪಿಕ್ಸೆಲ್, ಅಂದರೆ ಚಿತ್ರವನ್ನು ಕಟ್ಟುವ ಪುಟ್ಟ ಚುಕ್ಕೆ, ಇದೆಯೋ ಸ್ಕ್ರೀನ್‌ಶಾಟ್‌ನಲ್ಲಿಯೂ ಅಷ್ಟೇ ಇರುತ್ತದೆ, ಒಂದೂ ಹೆಚ್ಚಿಲ್ಲ. ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್‌ನಲ್ಲಿ 1920×1200, 10ನೇ ತಲೆಮಾರಿನ ಐಪ್ಯಾಡ್‌ನಲ್ಲಿ 2360×1640. ಒಂದು ಪಹಣಿಯನ್ನು ಪರದೆಗೆ ಪೂರ್ತಿ ಹಿಡಿಸಿ ಚಿತ್ರ ತೆಗೆದಿರಿ ಎನ್ನಿ. ಆ ಸಣ್ಣ ಕಾಲಂನೊಳಗಿನ ಒಂದು ಅಕ್ಷರಕ್ಕೆ ಬರುವುದು ಹತ್ತೋ ಹದಿನೈದೋ ಪಿಕ್ಸೆಲ್. ಆಮೇಲೆ ಗ್ಯಾಲರಿಯಲ್ಲಿ ಎಷ್ಟು ಹಿಗ್ಗಿಸಿದರೂ ಆ ಹದಿನೈದೇ ದೊಡ್ಡ ಚೌಕಗಳಾಗಿ ಕಾಣುತ್ತವೆ, ಹೊಸ ವಿವರ ಹುಟ್ಟುವುದಿಲ್ಲ. ಇಂಗ್ಲಿಷ್ ಅಕ್ಷರ ಹೇಗೋ ಓದಿಕೊಳ್ಳಬಹುದು. ಕನ್ನಡದಲ್ಲಿ ಒತ್ತಕ್ಷರ ಮುಖ್ಯ ಅಕ್ಷರದ ಕೆಳಗೆ ಇನ್ನೂ ಚಿಕ್ಕದಾಗಿ ಕೂತಿರುತ್ತದೆ. ‘ಹನುಮಂತಪ್ಪ’ದ ಪ ಒತ್ತು, ‘ಹನುಮಂತಯ್ಯ’ದ ಯ ಒತ್ತು ಮೊದಲು ಕರಗಿ ಹೋಗುವಂಥವು. ಹೊಲದ ದಾಖಲೆಯಲ್ಲಿ ಅಪ್ಪನಿಗೂ ಅಯ್ಯನಿಗೂ ಇರುವ ವ್ಯತ್ಯಾಸ ಚಿಕ್ಕದಲ್ಲ. ಹಾಗಾಗಿ ಮೊದಲೇ ಹಿಗ್ಗಿಸಿ, ಒಂದು ಚಿತ್ರದ ಬದಲು ಮೂರು ತೆಗೆಯಿರಿ.

ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ

ಪವರ್ ಬಟನ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್, ಎರಡನ್ನೂ ಒಟ್ಟಿಗೆ ಒತ್ತಬೇಕು. 2011ರ ಆಂಡ್ರಾಯ್ಡ್ 4.0ಯಿಂದ ಹೆಚ್ಚಿನ ಕಂಪನಿಗಳಲ್ಲಿ ಇದೇ ಕ್ರಮ. ಮುಂಭಾಗದಲ್ಲಿ ಹೋಮ್ ಬಟನ್ ಇದ್ದ ಹಳೆಯ ಸ್ಯಾಮ್‌ಸಂಗ್ ಟ್ಯಾಬ್‌ಗಳಲ್ಲಿ ಮಾತ್ರ ಪವರ್ ಜೊತೆ ಹೋಮ್ ಬಟನ್ ಒತ್ತಬೇಕು. ಸ್ಯಾಮ್‌ಸಂಗ್‌ನಲ್ಲಿ ಒತ್ತಿ ತಕ್ಷಣ ಬಿಡಬೇಕು. ಹಿಡಿದುಕೊಂಡೇ ಇದ್ದರೆ ಪವರ್ ಆಫ್ ಮೆನು ಬರುತ್ತದೆ. ಒಂದು ಬಟನ್ ಮೊದಲು, ಇನ್ನೊಂದು ಆಮೇಲೆ ತಗುಲಿದರೆ ಪರದೆ ಆರುತ್ತದೆ ಇಲ್ಲವೇ ಸದ್ದು ತಗ್ಗುತ್ತದೆ. ಹೊಸಬರಿಗೆ ನಾನು ಹೇಳಿಕೊಡುವ ಉಪಾಯ ಇದು: ಟ್ಯಾಬನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ, ಎರಡು ಬೆರಳನ್ನು ಎರಡು ಬಟನ್ ಮೇಲೆ ಒತ್ತದೆ ಇರಿಸಿ, ಆಮೇಲೆ ಚಿಟಿಕೆ ಹೊಡೆದಷ್ಟು ಹೊತ್ತಿನಲ್ಲಿ ಒಟ್ಟಿಗೆ ಒತ್ತಿ ಬಿಡಿ. ಅಡ್ಡ ಹಿಡಿದಾಗ ಯಾವುದು ಹೆಚ್ಚಿಸುವ ಬಟನ್, ಯಾವುದು ತಗ್ಗಿಸುವುದು ಎಂದು ಗೊಂದಲವಾದರೆ ಒಮ್ಮೆ ಸುಮ್ಮನೆ ಒತ್ತಿ, ಪರದೆಯ ಮೇಲಿನ ಪಟ್ಟಿ ಯಾವ ಕಡೆ ಹೋಗುತ್ತದೆ ನೋಡಿಕೊಳ್ಳಿ.

ಕೈ ನಡುಗುವವರಿಗೆ, ಬೆರಳಲ್ಲಿ ಬಲ ಇಲ್ಲದವರಿಗೆ ಈ ಬಟನ್ ಆಟ ಕಷ್ಟ. ಅವರಿಗೆ ಬೇರೆ ದಾರಿಗಳಿವೆ.

ಸ್ಯಾಮ್‌ಸಂಗ್‌ನ ಹಲವು ಟ್ಯಾಬ್‌ಗಳಲ್ಲಿ ಅಂಗೈಯ ಅಂಚನ್ನು ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸವರಿದರೆ ಸಾಕು, ಮೇಜಿನ ಮೇಲಿನ ಹಿಟ್ಟು ಸರಿಸಿದ ಹಾಗೆ. ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಫೀಚರ್ಸ್, ಮೋಷನ್ಸ್ ಅಂಡ್ ಜೆಸ್ಚರ್ಸ್, ಅಲ್ಲಿ ಪಾಮ್ ಸ್ವೈಪ್ ಟು ಕ್ಯಾಪ್ಚರ್ ಆನ್ ಮಾಡಿ. ಶಿಯೋಮಿ, ಒನ್‌ಪ್ಲಸ್ ಟ್ಯಾಬ್‌ಗಳಲ್ಲಿ ಮೂರು ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆಯುವ ಸೌಲಭ್ಯ ಇದೆ. ಇದು ಯಾವುದೂ ಇಲ್ಲದಿದ್ದರೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಗೆ ಹೋಗಿ ಆ್ಯಕ್ಸೆಸಿಬಿಲಿಟಿ ಮೆನು ಆನ್ ಮಾಡಿಕೊಳ್ಳಿ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಅಸಿಸ್ಟೆಂಟ್ ಮೆನು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗುಂಡಿ ನಿಲ್ಲುತ್ತದೆ, ಅದನ್ನು ಮುಟ್ಟಿದರೆ ಸ್ಕ್ರೀನ್‌ಶಾಟ್ ಎಂಬ ಆಯ್ಕೆ ಸಿಗುತ್ತದೆ. ನಮ್ಮಮ್ಮನಿಗೆ ಸಂಧಿವಾತ, ಅವರು ಇದನ್ನೇ ಬಳಸುವುದು.

ಎಸ್ ಪೆನ್ ಇರುವ ಟ್ಯಾಬ್ ನಿಮ್ಮದಾದರೆ, ಉದಾಹರಣೆಗೆ ಟ್ಯಾಬ್ ಎಸ್6 ಲೈಟ್ ಅಥವಾ ಎಸ್9, ನಿಮ್ಮ ಕೈಯಲ್ಲಿ ಇನ್ನೂ ಒಳ್ಳೆಯ ಸಾಧನ ಇದೆ. ಪೆನ್ನಿನ ಬಟನ್ ಒತ್ತಿ ಏರ್ ಕಮಾಂಡ್ ತೆರೆಯಿರಿ. ಸ್ಕ್ರೀನ್ ರೈಟ್ ಎಂದರೆ ಇಡೀ ಪರದೆಯ ಚಿತ್ರ ತೆಗೆದು ತಕ್ಷಣ ಅದರ ಮೇಲೆ ಬರೆಯಲು ಬಿಡುತ್ತದೆ. ಸ್ಮಾರ್ಟ್ ಸೆಲೆಕ್ಟ್ ಎಂದರೆ ಬೇಕಾದ ಭಾಗಕ್ಕೆ ಗೆರೆ ಎಳೆದು ಅಷ್ಟನ್ನೇ ತೆಗೆಯುತ್ತದೆ. ಪಾಠ ಮಾಡುವವರಿಗೆ ಸ್ಮಾರ್ಟ್ ಸೆಲೆಕ್ಟ್ ನಿಜವಾಗಿ ವರ. ಪರದೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಪುಸ್ತಕದ ಪಿಡಿಎಫ್, ಬಲಕ್ಕೆ ನೋಟ್ಸ್ ಆ್ಯಪ್ ಇಟ್ಟುಕೊಳ್ಳಿ. ಎಡಗಡೆಯ ನಕ್ಷೆಗೆ ಮಾತ್ರ ಗೆರೆ ಎಳೆದರೆ ಪಕ್ಕದ ನಿಮ್ಮ ಟಿಪ್ಪಣಿ ಚಿತ್ರಕ್ಕೆ ಬರುವುದಿಲ್ಲ. ಎರಡು ಬಟನ್ ಒತ್ತಿದ್ದರೆ ಎರಡೂ ಬರುತ್ತಿತ್ತು.

ಐಪ್ಯಾಡ್‌ನಲ್ಲಿ

ಮುಂಭಾಗದಲ್ಲಿ ದುಂಡನೆಯ ಹೋಮ್ ಬಟನ್ ಇದ್ದರೆ, ಅದನ್ನೂ ಮೇಲಿನ ಬಟನ್ನನ್ನೂ ಒಟ್ಟಿಗೆ ಒತ್ತಿ. ಹೋಮ್ ಬಟನ್ ಇಲ್ಲದ ಐಪ್ಯಾಡ್ ಆದರೆ ಮೇಲಿನ ಬಟನ್ ಮತ್ತು ಎರಡು ವಾಲ್ಯೂಮ್ ಬಟನ್‌ಗಳಲ್ಲಿ ಯಾವುದಾದರೂ ಒಂದು. ಆ್ಯಪಲ್ ಪೆನ್ಸಿಲ್ ಇದ್ದರೆ ಪರದೆಯ ಕೆಳಗಿನ ಎಡಮೂಲೆಯಿಂದ ಒಳಕ್ಕೆ ಎಳೆಯಿರಿ. ಕೀಬೋರ್ಡ್ ಜೋಡಿಸಿದ್ದರೆ ಕಮಾಂಡ್, ಶಿಫ್ಟ್ ಮತ್ತು 3. ಮೂರರ ಬದಲು 4 ಒತ್ತಿದರೆ ಚಿತ್ರ ನೇರವಾಗಿ ತಿದ್ದುವ ಪುಟದಲ್ಲಿ ತೆರೆಯುತ್ತದೆ. ಬಟನ್ ಒತ್ತಲಾಗದವರಿಗೆ ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಟಚ್, ಅಸಿಸ್ಟಿವ್ ಟಚ್.

ತೆಗೆದ ಮೇಲೆ ಎಡಗಡೆ ಕೆಳಗೆ ಪುಟ್ಟ ಚಿತ್ರವೊಂದು ಕೆಲವು ಸೆಕೆಂಡು ನಿಲ್ಲುತ್ತದೆ. ಅದನ್ನು ಮುಟ್ಟಿದರೆ ತಿದ್ದುವ ಪುಟ. ಕೆಲಸ ಮುಗಿಸಿ ಡನ್ ಒತ್ತಿದರೆ ಫೋಟೋಸ್‌ಗೆ ಸೇರಿಸಲೇ, ಫೈಲ್ಸ್‌ಗೆ ಸೇರಿಸಲೇ, ಅಳಿಸಲೇ ಎಂದು ಕೇಳುತ್ತದೆ. ಅಲ್ಲೇ ಇರುವ ಕಾಪಿ ಅಂಡ್ ಡಿಲೀಟ್ ನನಗೆ ಬಹಳ ಇಷ್ಟ. ಚಿತ್ರವನ್ನು ಮೇಲ್‌ಗೋ ಟಿಪ್ಪಣಿಗೋ ಅಂಟಿಸಲು ಕೊಟ್ಟು, ಐಪ್ಯಾಡ್‌ನಲ್ಲಿ ಏನನ್ನೂ ಉಳಿಸುವುದಿಲ್ಲ. ಒಂದೇ ಸಲದ ಕೆಲಸಕ್ಕೆ ಇದಕ್ಕಿಂತ ಚೊಕ್ಕ ದಾರಿ ಇಲ್ಲ.

ಉದ್ದದ ಪುಟವಾದರೆ

ಸ್ಯಾಮ್‌ಸಂಗ್‌ನಲ್ಲಿ ಚಿತ್ರ ತೆಗೆದೊಡನೆ ಕೆಳಗೆ ಬರುವ ಪಟ್ಟಿಯಲ್ಲಿ ಕೆಳಮುಖದ ಎರಡು ಬಾಣದ ಗುರುತು ಇರುತ್ತದೆ. ಅದನ್ನು ಒತ್ತುತ್ತಾ ಹೋದಂತೆ ಪುಟ ಕೆಳಕ್ಕೆ ಸರಿದು ಒಂದೇ ಉದ್ದ ಚಿತ್ರವಾಗಿ ಸೇರಿಕೊಳ್ಳುತ್ತದೆ. ಬೇರೆ ಆಂಡ್ರಾಯ್ಡ್‌ಗಳಲ್ಲಿ 2021ರ ಆಂಡ್ರಾಯ್ಡ್ 12ರಿಂದ ಕ್ಯಾಪ್ಚರ್ ಮೋರ್ ಎಂಬ ಆಯ್ಕೆ ಬಂದಿದೆ. ಐಪ್ಯಾಡ್‌ನಲ್ಲಿ ಸಫಾರಿಯ ಪುಟ ತೆಗೆದು ಪುಟ್ಟ ಚಿತ್ರ ಮುಟ್ಟಿ, ಮೇಲೆ ಫುಲ್ ಪೇಜ್ ಆರಿಸಿ. ಮೊದಲು ಇದು ಪಿಡಿಎಫ್ ಆಗಿ ಮಾತ್ರ ಉಳಿಯುತ್ತಿತ್ತು, ಐಪ್ಯಾಡ್‌ಒಎಸ್ 17ರಿಂದ ಚಿತ್ರವಾಗಿಯೂ ಉಳಿಸಬಹುದು.

ಇಲ್ಲೊಂದು ಕಿವಿಮಾತು. ಉದ್ದ ಚಿತ್ರವನ್ನು ಪ್ರಿಂಟ್ ಮಾಡಲು ಕೊಟ್ಟರೆ ಇಡೀ ಉದ್ದವನ್ನು ಒಂದು ಹಾಳೆಗೆ ಅಮುಕಿ ಇರುವೆ ಸಾಲಿನಂತೆ ಬರುತ್ತದೆ. ಪ್ರಿಂಟ್ ಬೇಕಾದರೆ ಕ್ರೋಮ್‌ನ ಮೂರು ಚುಕ್ಕೆ, ಶೇರ್, ಪ್ರಿಂಟ್, ಅಲ್ಲಿ ಸೇವ್ ಆ್ಯಸ್ ಪಿಡಿಎಫ್ ಎಂದು ಹೋಗಿ. ಪುಟಗಳಾಗಿ ಒಡೆದು ಬರುತ್ತದೆ, ಅಕ್ಷರವೂ ಹಿಗ್ಗಿಸಿದಷ್ಟು ಸ್ಪಷ್ಟ. ಪ್ರವೇಶಪತ್ರ, ಅಂಕಪಟ್ಟಿ, ತೆರಿಗೆ ರಸೀದಿ ಇಂಥವಕ್ಕೆ ಡೌನ್‌ಲೋಡ್ ಬಟನ್ ಇದ್ದರೆ ಅದನ್ನೇ ಒತ್ತಿ, ಸ್ಕ್ರೀನ್‌ಶಾಟ್ ಸಾಕು ಎಂದು ಕೂರಬೇಡಿ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಕ್ಯೂಆರ್ ಕೋಡ್ ಅರ್ಧ ತುಂಡಾದ ಚಿತ್ರ ಹಿಡಿದು ನಿಂತ ಮಕ್ಕಳನ್ನು ನಾನು ಕಂಡಿದ್ದೇನೆ.

ಪರದೆ ಕಪ್ಪಾಗಿ ಬಂದರೆ

ಅದು ನಿಮ್ಮ ಟ್ಯಾಬ್‌ನ ದೋಷ ಅಲ್ಲ. ಬ್ಯಾಂಕಿನ ಆ್ಯಪ್‌ಗಳು, ಹಣ ಕೊಟ್ಟು ಸಿನಿಮಾ ನೋಡುವ ಆ್ಯಪ್‌ಗಳು, ಆಂಡ್ರಾಯ್ಡ್ ಕ್ರೋಮ್‌ನ ಇನ್‌ಕಾಗ್ನಿಟೋ ಪುಟಗಳು ಸ್ಕ್ರೀನ್‌ಶಾಟ್ ಬೇಡ ಎಂದು ಬೇಕೆಂದೇ ತಡೆದಿರುತ್ತವೆ. ವಾಟ್ಸಾಪ್‌ನಲ್ಲಿ ಒಮ್ಮೆ ಮಾತ್ರ ನೋಡಲು ಕಳಿಸಿದ ಚಿತ್ರಗಳಿಗೂ ಇದೇ ನಿಯಮ. ಈ ತಡೆ ಮುರಿಯುತ್ತೇವೆ ಎನ್ನುವ ಆ್ಯಪ್‌ಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ. ನಿಮ್ಮ ಪರದೆಯನ್ನೆಲ್ಲ ನೋಡುವ ಅನುಮತಿಯನ್ನು ಅವಕ್ಕೆ ಕೊಟ್ಟ ಹಾಗಾಗುತ್ತದೆ, ಬ್ಯಾಂಕಿನ ಪುಟವೂ ಅದರಲ್ಲಿ ಸೇರಿದೆ. ಬ್ಯಾಂಕಿನ ವಿವರ ಬೇಕಿದ್ದರೆ ಅದೇ ಆ್ಯಪ್‌ನಲ್ಲಿ ಸ್ಟೇಟ್‌ಮೆಂಟ್ ಪಿಡಿಎಫ್ ಸಿಗುತ್ತದೆ.

ಒತ್ತಿದ ಮೇಲಿನ ಹತ್ತು ಸೆಕೆಂಡು

ಪುಟ್ಟ ಚಿತ್ರ ಇನ್ನೂ ಮೂಲೆಯಲ್ಲಿರುವಾಗಲೇ ನಿಮ್ಮನ್ನು ನೀವು ಕೇಳಿಕೊಳ್ಳಿ: ಇದು ಇಟ್ಟುಕೊಳ್ಳುವುದಕ್ಕೋ, ಕಳಿಸುವುದಕ್ಕೋ, ಈಗ ನೋಡಿ ಬಿಡುವುದಕ್ಕೋ? ಅದು ಯಾವ ಚಿತ್ರ, ಏಕೆ ತೆಗೆದಿರಿ ಎನ್ನುವುದು ನಿಮಗೆ ಪೂರ್ತಿ ನೆನಪಿರುವುದು ಈ ಹತ್ತು ಸೆಕೆಂಡು ಮಾತ್ರ. ನಾಳೆ ಅದು ರಾಶಿಯಲ್ಲಿ ಇನ್ನೊಂದು.

ಕಳಿಸುವುದಕ್ಕಾದರೆ ಮೊದಲು ಕತ್ತರಿಸಿ. ನಾಲ್ಕೂ ಅಂಚನ್ನು ಒಳಕ್ಕೆ ಎಳೆದು ಬೇಕಾದಷ್ಟು ಮಾತ್ರ ಉಳಿಸಿ. ಆಮೇಲೆ ಮುಚ್ಚಬೇಕಾದ್ದನ್ನು ಮುಚ್ಚಿ: ಫೋನ್ ನಂಬರ್, ಖಾತೆ ಸಂಖ್ಯೆ, ಆಧಾರ್‌ನ ಮೊದಲ ಎಂಟು ಅಂಕಿಗಳು, ಜನ್ಮದಿನಾಂಕ. ಕ್ಯೂಆರ್ ಕೋಡ್ ಮತ್ತು ಬಾರ್‌ಕೋಡ್‌ಗಳನ್ನೂ ಮರೆಯಬೇಡಿ. ನಮ್ಮ ಕಣ್ಣಿಗೆ ಅದು ಬರೀ ಕಪ್ಪು ಬಿಳುಪು ಚುಕ್ಕೆ, ಯಂತ್ರಕ್ಕೆ ಅದು ಓದಬಲ್ಲ ಬರಹ.

ಮುಚ್ಚುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಹೈಲೈಟರ್ ಪೆನ್ನಿಗೆ ಕಪ್ಪು ಬಣ್ಣ ಕೊಟ್ಟು ನಾಲ್ಕು ಸಲ ಉಜ್ಜಿದರೆ ಅಂಕಿ ಮಾಯವಾದಂತೆ ಕಾಣುತ್ತದೆ. ಒಮ್ಮೆ ಪರೀಕ್ಷೆ ಮಾಡಿ ನೋಡಿ. ಹಾಗೆ ಉಜ್ಜಿದ ಚಿತ್ರವನ್ನು ಫೋಟೋ ಎಡಿಟರಿನಲ್ಲಿ ತೆರೆದು ಬೆಳಕು, ಎಕ್ಸ್‌ಪೋಶರ್, ಶ್ಯಾಡೋ ಎಲ್ಲವನ್ನೂ ಬಲತುದಿಗೆ ಎಳೆಯಿರಿ. ಕಪ್ಪು ಪಟ್ಟಿ ಬೂದಿಯಾಗುತ್ತದೆ, ಅದರೊಳಗಿಂದ ಅಂಕಿಗಳು ಒಂದೊಂದಾಗಿ ಮೇಲೇಳುತ್ತವೆ. ಹೈಲೈಟರ್ ಅರೆಪಾರದರ್ಶಕ, ಅದರ ಕೆಲಸವೇ ಕೆಳಗಿನ ಅಕ್ಷರವನ್ನು ಕಾಣಿಸುವುದು. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದಾಗ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು, ಆಮೇಲೆ ಯಾರೂ ಹೈಲೈಟರ್ ಮುಟ್ಟಲಿಲ್ಲ. ಮಸುಕು ಮಾಡುವುದನ್ನೂ ಅಂಕಿಗಳಿಗೆ ನಾನು ನಂಬುವುದಿಲ್ಲ. ಆಕೃತಿಗಳಲ್ಲಿ ಚೌಕ ಆರಿಸಿ, ಒಳಗೆ ಪೂರ್ತಿ ಗಟ್ಟಿ ಬಣ್ಣ ತುಂಬಿದ್ದನ್ನೇ ಹಾಕಿ.

ಕತ್ತರಿಸಿದ ಚಿತ್ರದಲ್ಲೂ ಅಪಾಯ ಇರಬಹುದು ಎಂದು 2023ರ ಮಾರ್ಚ್‌ನಲ್ಲಿ ಜಗತ್ತಿಗೆ ಗೊತ್ತಾಯಿತು. ಗೂಗಲ್ ಪಿಕ್ಸೆಲ್ ಫೋನುಗಳ ಮಾರ್ಕಪ್ ಸಾಧನದಲ್ಲಿ ಕತ್ತರಿಸಿ ಉಳಿಸಿದಾಗ ಹಳೆಯ ಕಡತದ ಬಾಲ ಹೊಸ ಕಡತದ ಕೊನೆಯಲ್ಲಿ ಹಾಗೇ ಉಳಿದುಬಿಡುತ್ತಿತ್ತು. ಕತ್ತರಿಸಿ ಎಸೆದ ಭಾಗವನ್ನು ಅದರಿಂದ ಮತ್ತೆ ಕಟ್ಟಬಹುದಾಗಿತ್ತು. ಸಂಶೋಧಕರು ಇದಕ್ಕೆ ಎಕ್ರೋಪಲಿಪ್ಸ್ ಎಂದು ಹೆಸರಿಟ್ಟರು. ಗೂಗಲ್ ಅದೇ ತಿಂಗಳ ಅಪ್‌ಡೇಟ್‌ನಲ್ಲಿ ಸರಿಪಡಿಸಿತು, ಆದರೆ ಅದಕ್ಕೆ ಮೊದಲೇ ಹಂಚಿಕೊಂಡ ಚಿತ್ರಗಳನ್ನು ಯಾರೂ ಹಿಂದಕ್ಕೆ ಪಡೆಯಲಾಗಲಿಲ್ಲ. ಐಪ್ಯಾಡ್‌ನ ಫೋಟೋಸ್‌ನಲ್ಲಿ ತಿದ್ದಿದ ಚಿತ್ರವನ್ನು ರಿವರ್ಟ್ ಒತ್ತಿ ಯಾವಾಗ ಬೇಕಾದರೂ ಮೂಲರೂಪಕ್ಕೆ ತರಬಹುದು. ಹತ್ತಿರದ ಆ್ಯಪಲ್ ಸಾಧನಕ್ಕೆ ಚಿತ್ರ ಕಳಿಸುವ ಏರ್‌ಡ್ರಾಪ್‌ನಲ್ಲಿ ಆಲ್ ಫೋಟೋಸ್ ಡೇಟಾ ಆನ್ ಇದ್ದರೆ ಆ ಮೂಲವೂ ಜೊತೆಗೇ ಹೋಗುತ್ತದೆ. ಅದಕ್ಕೇ ಬಹಳ ಖಾಸಗಿಯಾದದ್ದು ಇದ್ದರೆ ನಾನು ಒಂದು ಹೆಜ್ಜೆ ಹೆಚ್ಚು ಇಡುತ್ತೇನೆ: ಮುಚ್ಚಿ, ಕತ್ತರಿಸಿ, ಆ ಚಿತ್ರವನ್ನು ಪರದೆಗೆ ತುಂಬಿಸಿ, ಅದರ ಸ್ಕ್ರೀನ್‌ಶಾಟ್ ಮತ್ತೊಮ್ಮೆ ತೆಗೆದು ಅದನ್ನು ಕಳಿಸುತ್ತೇನೆ. ಅದರಲ್ಲಿ ಹಳೆಯದೇನೂ ಅಂಟಿಕೊಂಡಿರುವುದಿಲ್ಲ.

ಕಳಿಸುವಾಗ ಅಕ್ಷರ ಕೆಡದಂತೆ

ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ಒಂದು ಪಿಕ್ಸೆಲ್ಲೂ ಕಳೆಯುವುದಿಲ್ಲ. ಜೆಪಿಜಿ ಹಾಗಲ್ಲ. ಅದು ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಕಣ್ಣಿಗೆ ಬೀಳದೆಂದು ಅನ್ನಿಸಿದ ಸೂಕ್ಷ್ಮವನ್ನು ಬಿಟ್ಟುಬಿಡುತ್ತದೆ. ಮರ, ಮುಖ, ಮೋಡಕ್ಕೆ ಅದು ಸರಿ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರದ ಅಂಚಿನಲ್ಲಿ ಮಾತ್ರ ನುಸಿ ಹಿಡಿದಂತೆ ಕಾಣುತ್ತದೆ. ಐಪ್ಯಾಡ್ ಮಾಮೂಲಾಗಿ ಪಿಎನ್‌ಜಿಯಲ್ಲೇ ಉಳಿಸುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಫೀಚರ್ಸ್, ಸ್ಕ್ರೀನ್‌ಶಾಟ್ಸ್ ಅಂಡ್ ಸ್ಕ್ರೀನ್ ರೆಕಾರ್ಡರ್ ಎಂಬಲ್ಲಿ ಫಾರ್ಮ್ಯಾಟ್ ಬದಲಿಸಿಕೊಳ್ಳಿ. ಅದೇ ಪುಟದಲ್ಲಿ ಮೇಲಿನ ಸ್ಟೇಟಸ್ ಪಟ್ಟಿ ಚಿತ್ರಕ್ಕೆ ಬಾರದಂತೆ ಮಾಡುವ ಆಯ್ಕೆಯೂ ಇದೆ.

ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ. ಒಬ್ಬರಿಂದ ಒಬ್ಬರಿಗೆ ದಾಟಿದ ವೇಳಾಪಟ್ಟಿಯಲ್ಲಿ 3 ಯಾವುದು, 8 ಯಾವುದು ಎಂದು ಗೊತ್ತಾಗದೆ ಪೋಷಕರು ನನಗೆ ಫೋನ್ ಮಾಡಿದ್ದುಂಟು. ಅಕ್ಷರ ಇರುವ ಚಿತ್ರವನ್ನು ಕ್ಲಿಪ್ ಗುರುತು ಒತ್ತಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇದ್ದಹಾಗೆ ತಲುಪುತ್ತದೆ. ಐಪ್ಯಾಡ್‌ಗೆ ವಾಟ್ಸಾಪ್‌ನ ಸ್ವಂತ ಆ್ಯಪ್ ಬಂದದ್ದು 2025ರ ಮೇ ತಿಂಗಳಲ್ಲಿ, ಈಗ ಅಲ್ಲಿಂದಲೂ ನೇರವಾಗಿ ಕಳಿಸಬಹುದು. ಹಲವು ಪುಟಗಳಿದ್ದರೆ ಒಂದೇ ಪಿಡಿಎಫ್ ಮಾಡಿ. ಐಪ್ಯಾಡ್‌ನ ಫೈಲ್ಸ್‌ನಲ್ಲಿ ಚಿತ್ರಗಳನ್ನು ಆರಿಸಿ ಕ್ರಿಯೇಟ್ ಪಿಡಿಎಫ್ ಒತ್ತಿದರೆ ಆಯಿತು. ಆಂಡ್ರಾಯ್ಡ್‌ನಲ್ಲಿ ನಾನು ಗೂಗಲ್ ಡಾಕ್ಸ್‌ನಲ್ಲಿ ಒಂದರ ಕೆಳಗೊಂದು ಸೇರಿಸಿ ಪಿಡಿಎಫ್ ಆಗಿ ಇಳಿಸಿಕೊಳ್ಳುತ್ತೇನೆ.

ಚಿತ್ರದೊಳಗಿನ ಬರಹವಷ್ಟೇ ಬೇಕಿದ್ದರೆ ಚಿತ್ರ ಕಳಿಸುವುದೇ ಬೇಡ. ಗೂಗಲ್ ಫೋಟೋಸ್‌ನಲ್ಲಿ ತೆರೆದು ಲೆನ್ಸ್ ಒತ್ತಿ, ಬೆರಳಿನಿಂದ ಅಕ್ಷರ ಆರಿಸಿ ಕಾಪಿ ಮಾಡಿ. ಕನ್ನಡವನ್ನೂ ಓದುತ್ತದೆ. ಆದರೆ ಒತ್ತಕ್ಷರ, ದೀರ್ಘ, ಅರ್ಕಾವೊತ್ತುಗಳನ್ನು ಮೂಲದ ಜೊತೆ ಇಟ್ಟು ನೋಡದೆ ಯಾರಿಗೂ ಕಳಿಸಬೇಡಿ.

ಹೆಸರು, ಜಾಗ, ಬ್ಯಾಕಪ್

ಸ್ಯಾಮ್‌ಸಂಗ್‌ನಲ್ಲಿ ಚಿತ್ರಗಳು ಡಿಸಿಐಎಂ ಫೋಲ್ಡರಿನ ಒಳಗಿನ ಸ್ಕ್ರೀನ್‌ಶಾಟ್ಸ್‌ನಲ್ಲಿ ಇರುತ್ತವೆ. ಬೇರೆ ಹಲವು ಆಂಡ್ರಾಯ್ಡ್‌ಗಳಲ್ಲಿ ಪಿಕ್ಚರ್ಸ್‌ನ ಒಳಗೆ. ಟ್ಯಾಬ್ ತಾನಾಗಿ ಕೊಡುವ ಹೆಸರಿನಲ್ಲಿ ತಾರೀಖು ಮತ್ತು ಸಮಯ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅದರಿಂದ ಒಳಗೇನಿದೆ ಎಂದು ತಿಳಿಯುವುದಿಲ್ಲ. ಇಟ್ಟುಕೊಳ್ಳುವ ಚಿತ್ರಕ್ಕೆ ನಾನು ಅಲ್ಲೇ ಹೆಸರು ಬದಲಿಸುತ್ತೇನೆ: ಮೊದಲು ವರ್ಷ, ತಿಂಗಳು, ದಿನ, ಆಮೇಲೆ ವಿಷಯ, ಆಮೇಲೆ ವ್ಯಕ್ತಿ. ‘2025-06-12 ಶುಲ್ಕ ರಸೀದಿ ಪಕ್ಕದ್ಮನೆ’ ಎಂಬಂತೆ. ವರ್ಷ ಮೊದಲು ಬರೆದರೆ ಪಟ್ಟಿ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ. ದಿನ ಮೊದಲು ಬರೆದರೆ ಜನವರಿ 12ರ ಪಕ್ಕ ಜೂನ್ 12 ಕೂರುತ್ತದೆ. ಹೆಸರನ್ನು ಕನ್ನಡದಲ್ಲೇ ಕೊಡಬಹುದು, ಹುಡುಕುವಾಗಲೂ ಕನ್ನಡದಲ್ಲೇ ಟೈಪ್ ಮಾಡಿದರೆ ಸಿಗುತ್ತದೆ. ಐಪ್ಯಾಡ್‌ನ ಫೋಟೋಸ್‌ನಲ್ಲಿ ಕಡತದ ಹೆಸರು ಬದಲಿಸಲಾಗದು, ಆದರೆ ಚಿತ್ರದ ವಿವರ ತೆರೆದು ಶೀರ್ಷಿಕೆ ಬರೆಯಬಹುದು. ಆ ಶೀರ್ಷಿಕೆಯನ್ನು ಹಿಡಿದು ಹುಡುಕಬಹುದು.

ಫೋಲ್ಡರ್‌ಗಳನ್ನು ಬಹಳ ಮಾಡಬೇಡಿ. ನನ್ನಲ್ಲಿ ಇರುವುದು ನಾಲ್ಕೇ: ಹಣ, ದಾಖಲೆ, ಪಾಠ, ಮನೆ. ಇಪ್ಪತ್ತು ಮಾಡಿದ್ದಾಗ ಯಾವುದಕ್ಕೆ ಹಾಕಲಿ ಎಂದು ಯೋಚಿಸುವುದಕ್ಕೇ ಬೇಸರವಾಗಿ ಎಲ್ಲಿಗೂ ಹಾಕುತ್ತಿರಲಿಲ್ಲ.

ಗೂಗಲ್ ಫೋಟೋಸ್‌ನ ಉಚಿತ ಮಿತಿಯಿಲ್ಲದ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಇಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಅದನ್ನು ಬಸ್ಸಿನ ವೇಳಾಪಟ್ಟಿಯ ಚಿತ್ರಗಳಿಂದ ತುಂಬುವುದು ಬೇಡ. ಫೋಟೋಸ್ ಸೆಟ್ಟಿಂಗ್ಸ್‌ನ ಬ್ಯಾಕಪ್‌ನಲ್ಲಿ ಫೋಲ್ಡರ್‌ಗಳ ಪಟ್ಟಿ ಇದೆ. ಅಲ್ಲಿ ಸ್ಕ್ರೀನ್‌ಶಾಟ್ಸ್ ಆಫ್ ಮಾಡಿ, ಈ ನಾಲ್ಕನ್ನು ಮಾತ್ರ ಆನ್ ಇಡಿ.

ಹಣ ಮತ್ತು ಸಾಕ್ಷ್ಯದ ವಿಷಯ

ಅಂಗಡಿ ನಡೆಸುವವರು ಇದನ್ನು ಗಮನವಿಟ್ಟು ಓದಿ. ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಹಣ ಬಂದದ್ದಕ್ಕೆ ಪುರಾವೆ ಅಲ್ಲ. ಹಸಿರು ಗುರುತು, ಹೆಸರು, ಮೊತ್ತ ಎಲ್ಲವನ್ನೂ ನಕಲಿ ಮಾಡಬಹುದು. ನಿಮ್ಮ ಖಾತೆ ತೆರೆದು ಹಣ ಸೇರಿದೆಯೇ ನೋಡಿ, 12 ಅಂಕಿಗಳ ಯುಪಿಐ ಉಲ್ಲೇಖ ಸಂಖ್ಯೆ ತಾಳೆಯಾಗುತ್ತದೆಯೇ ನೋಡಿ. ನೀವೇ ಹಣ ಕಳಿಸಿದವರಾದರೆ ಆ ಸಂಖ್ಯೆ ಕಾಣುವಂತೆ ಚಿತ್ರ ತೆಗೆಯಿರಿ.

ವಂಚನೆಯೋ ಬೆದರಿಕೆಯೋ ಬಂದಾಗ ತೆಗೆಯುವ ಚಿತ್ರಕ್ಕೆ ಮೇಲಿನ ನಿಯಮಗಳೆಲ್ಲ ತಿರುಗುಮುರುಗು. ಕತ್ತರಿಸಬೇಡಿ, ಏನನ್ನೂ ಮುಚ್ಚಬೇಡಿ, ಬರೆಯಬೇಡಿ. ಕಳಿಸಿದವರ ನಂಬರ್, ಸಂದೇಶದ ತಾರೀಖು ಮತ್ತು ಸಮಯ, ಪುಟದ ವಿಳಾಸ ಎಲ್ಲ ಕಾಣಲಿ. ಸಂಭಾಷಣೆ ಉದ್ದವಿದ್ದರೆ ಪ್ರತಿ ಚಿತ್ರದಲ್ಲೂ ಹಿಂದಿನದರ ಕೊನೆಯ ಸಾಲು ಬರುವಂತೆ ತೆಗೆಯಿರಿ, ಆಗ ನಡುವೆ ಏನೂ ಬಿಟ್ಟಿಲ್ಲವೆಂದು ತಿಳಿಯುತ್ತದೆ. ಮೂಲ ಸಂದೇಶವನ್ನು ಅಳಿಸಬೇಡಿ, ಟ್ಯಾಬ್ ಫಾರ್ಮ್ಯಾಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ. ಆ ದಾಖಲೆ ಹುಟ್ಟಿದ ಸಾಧನ ನಿಮ್ಮ ಕೈಯಲ್ಲಿದ್ದರೆ ಆ ಕೆಲಸ ಸುಲಭ. ಹಣ ಕಳೆದುಕೊಂಡಿದ್ದರೆ ಚಿತ್ರ ಜೋಡಿಸುತ್ತ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಭಾನುವಾರದ ಹದಿನೈದು ನಿಮಿಷ

ಎಷ್ಟೇ ಜಾಗ್ರತೆ ಮಾಡಿದರೂ ರಾಶಿ ಬೆಳೆಯುತ್ತದೆ. ನಾನು ಭಾನುವಾರ ಬೆಳಗ್ಗೆ ಕಾಫಿ ಹಿಡಿದು ಕೂತಾಗ ಸ್ಕ್ರೀನ್‌ಶಾಟ್ಸ್ ಫೋಲ್ಡರ್ ತೆರೆಯುತ್ತೇನೆ. ಐಪ್ಯಾಡ್‌ನ ಫೋಟೋಸ್‌ನಲ್ಲಿ ಮೀಡಿಯಾ ಟೈಪ್ಸ್ ಕೆಳಗೆ ಸ್ಕ್ರೀನ್‌ಶಾಟ್ಸ್ ಬೇರೆಯಾಗಿಯೇ ಇರುತ್ತವೆ. ಆಂಡ್ರಾಯ್ಡ್‌ನಲ್ಲಿ ಫೈಲ್ಸ್ ಬೈ ಗೂಗಲ್ ಆ್ಯಪ್ ಹಳೆಯ ಸ್ಕ್ರೀನ್‌ಶಾಟ್‌ಗಳನ್ನು ತಾನೇ ಗುಂಪು ಮಾಡಿ ಅಳಿಸಲೇ ಎಂದು ಕೇಳುತ್ತದೆ. ಕೇಳಿದ ತಕ್ಷಣ ಹೂಂ ಅನ್ನಬೇಡಿ, ಒಮ್ಮೆ ಕಣ್ಣಾಡಿಸಿ. ಗೂಗಲ್ ಫೋಟೋಸ್‌ನಿಂದ ಅಳಿಸಿದರೆ ಟ್ಯಾಬ್‌ನಲ್ಲಿರುವುದೂ ಗೂಗಲ್ ಖಾತೆಯಲ್ಲಿರುವ ಬ್ಯಾಕಪ್ಪೂ ಎರಡೂ ಹೋಗುತ್ತವೆ ಎಂಬುದು ನೆನಪಿರಲಿ.

ತಪ್ಪಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ ಕೆಲವು ದಿನ ಇರುತ್ತದೆ. ಐಪ್ಯಾಡ್‌ನ ರೀಸೆಂಟ್ಲಿ ಡಿಲೀಟೆಡ್‌ನಲ್ಲಿ ಮತ್ತು ಸ್ಯಾಮ್‌ಸಂಗ್ ಗ್ಯಾಲರಿಯ ಟ್ರ್ಯಾಶ್‌ನಲ್ಲಿ 30 ದಿನ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ 60 ದಿನ, ಇಲ್ಲದಿದ್ದರೆ 30. ಒಟಿಪಿ, ಪಾಸ್‌ವರ್ಡ್ ಇರುವ ಚಿತ್ರ ಅಳಿಸಿದಾಗ ಬುಟ್ಟಿಯನ್ನೂ ಖಾಲಿ ಮಾಡಿ.

ಇನ್ನೊಂದು, ವಿಡಿಯೋ ಕಾಲ್ ನಡುವೆ ತೆಗೆದ ಚಿತ್ರಗಳು. ದೂರದಲ್ಲಿರುವ ಮೊಮ್ಮಗು ಮೊದಲ ಹಲ್ಲು ತೋರಿಸಿದಾಗ ಅಮ್ಮ ಆ ಮೂಲೆಯ ಗುಂಡಿ ಮುಟ್ಟಿ ತೆಗೆದ ಚಿತ್ರ ನಮ್ಮ ಟ್ಯಾಬ್‌ನಲ್ಲಿದೆ. ಅದೂ ಬಿದ್ದಿದ್ದು ಸ್ಕ್ರೀನ್‌ಶಾಟ್ಸ್ ಫೋಲ್ಡರಿನಲ್ಲೇ, ಹಾಲಿನ ಬಿಲ್ಲಿಗೂ ಬಸ್ಸಿನ ಸಮಯಕ್ಕೂ ನಡುವೆ. ಯಂತ್ರಕ್ಕೆ ಅವು ಮೂರೂ ಒಂದೇ, ಅಳಿಸಲೇ ಎಂದು ಕೇಳುವಾಗ ಮೂರನ್ನೂ ಒಟ್ಟಿಗೇ ಕೇಳುತ್ತದೆ. ಅದಕ್ಕೇ ಭಾನುವಾರ ನಾನು ಮೊದಲು ಮಾಡುವ ಕೆಲಸ ಮುಖ ಇರುವ ಚಿತ್ರಗಳನ್ನು ಹುಡುಕಿ ‘ಮನೆ’ಗೆ ಸಾಗಿಸುವುದು. ಅಳಿಸುವ ಕೆಲಸಕ್ಕೆ ಕೈ ಹಾಕುವುದು ಆಮೇಲೆ.